ವಿಳಾಸ ಬರೆಯದ ಕಾರ್ಡು

ಮಕ್ಕಳೇ, ನಿಮಗೆಲ್ಲ ಗೊತ್ತಿರುವ ನನ್ನ ಒಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಆಟದ ಕೊನೆಯ ಪಾಯಿಂಟನ್ನೂ ನಾನು ಕಣ್ಣಾರೆ ನೋಡಿದವಳಲ್ಲ. ಮೊದಲಿನಿಂದ ನಿಮ್ಮ ಜೊತೆಗೆ ಕುಳಿತು ನೋಡುತ್ತೇನೆ. ಯಾರು ಯಾವ ಕಡೆ ಎಂದು ಕೇಳಿ ಕೇಳಿ ನಿಮಗೆ ಬೇಸರ ಹಿಡಿಸುತ್ತೇನೆ. ಇನ್ನೇನು ಮುಗಿಯಿತು ಎನ್ನುವಾಗ ನನಗೆ ಹಿತ್ತಿಲಿನಲ್ಲಿ ಒಣಗಲು ಹಾಕಿದ ಬಟ್ಟೆ ನೆನಪಾಗುತ್ತದೆ. ಬಟ್ಟೆ ಇಲ್ಲದ ದಿನ ಬಾವಿಕಟ್ಟೆಯಲ್ಲಿ ಬಿಟ್ಟ ಕೊಡಪಾನ ನೆನಪಾಗುತ್ತದೆ. ಅಜ್ಜಿಗೆ ಬಿಪಿ ಏರುತ್ತದೆ ಎಂದು ನೀವು ನಗುತ್ತೀರಿ. ನಗಿ. ಬಿಪಿ ಅಲ್ಲ ಎಂದು ಹೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ. ಬಾಯಿಗಿಂತ ಕೈಗೆ ಧೈರ್ಯ ಹೆಚ್ಚು, ಆದ್ದರಿಂದ ಬರೆಯುತ್ತಿದ್ದೇನೆ.

ಮೊನ್ನೆ ಸುಜನ್ ಟಿವಿಯಲ್ಲಿ ಹಾಕಿದ್ದನಲ್ಲ, ಅಮೆರಿಕದವರ ಬೇಸ್‌ಬಾಲ್, ಅಲ್ಲಿಂದ ಇದೆಲ್ಲ ಹೊರಟದ್ದು. ದಪ್ಪ ದೊಣ್ಣೆ ಹಿಡಿದವನೊಬ್ಬ, ಕೈಗೆ ದೊಡ್ಡ ಚರ್ಮದ ಚೀಲ ಸಿಕ್ಕಿಸಿಕೊಂಡವರು ಒಂಬತ್ತು ಜನ. ಅರ್ಧ ಗಂಟೆ ನೋಡಿದರೂ ಯಾರೂ ಎಲ್ಲಿಗೂ ಓಡಲಿಲ್ಲ. ಎಲ್ಲರೂ ಏನನ್ನೋ ಜಗಿಯುತ್ತಿದ್ದರು. ವರ್ಷದ ಆಟವೆಲ್ಲ ಮುಗಿದ ಮೇಲೆ ಮೇಲಿನ ತಂಡಗಳು ಮತ್ತೆ ಆಡುತ್ತವೆ, ಕೊನೆಗೆ ಉಳಿದ ಎರಡು ತಂಡಗಳಿಗೆ ಒಂದೇ ಪಂದ್ಯವಲ್ಲ, ಏಳರವರೆಗೆ ಹೋಗಬಹುದು, ಮೊದಲು ನಾಲ್ಕು ಗೆದ್ದವರಿಗೆ ಕಪ್ಪು ಎಂದು ಸುಜನ್ ವಿವರಿಸಿದ. ಆಡುವುದು ತಮ್ಮ ಸೀಮೆಯವರೇ ಆದರೂ ಅವರು ಅದನ್ನು ಜಗತ್ತಿನ ಪಂದ್ಯ ಎನ್ನುತ್ತಾರಂತೆ. ಅವನಿಗೆ ಅದು ತಮಾಷೆ. ನನಗೇನೂ ಅನಿಸಲಿಲ್ಲ. ಮಂಗಳೂರು ಸೀಮೆಯ ನಮ್ಮ ಸವಣೂರಿನ ವಾಲಿಬಾಲ್ ಪಂದ್ಯದ ನೋಟೀಸಿನಲ್ಲಿ ‘ಜಿಲ್ಲಾ ಮಟ್ಟದ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಬರುತ್ತಿದ್ದವರು ನಡೆದು ಬರುವಷ್ಟು ದೂರದವರು, ಇಲ್ಲವೆ ದೋಣಿ ದಾಟಿ ಬರುವವರು.

ನಮ್ಮದಕ್ಕೂ ಒಂದೇ ಕೊನೆಯ ಪಂದ್ಯವಿರಲಿಲ್ಲ. ಗದ್ದೆಯ ಕೊಯ್ಲು ಮುಗಿದು ಮಣ್ಣು ಗಟ್ಟಿಯಾದ ಮೇಲೆ ಶುರುವಾದ ಆಟ ಬೇಸಗೆಯವರೆಗೆ ನಡೆದು, ಕೊನೆಗೆ ಉಳಿದ ಎರಡು ತಂಡಗಳು ಮೂರು ಭಾನುವಾರ ಆಡಬೇಕು. ಎರಡು ಗೆದ್ದವರದು ಕಪ್ಪು. ಇದನ್ನು ಯಾರು ಏರ್ಪಾಡು ಮಾಡಿದರೋ ತಿಳಿಯದು. ಒಂದು ಭಾನುವಾರ ಮೈ ಸರಿಯಿಲ್ಲದವನಿಗೆ ಅನ್ಯಾಯ ಆಗಬಾರದು ಎಂದು ಹಿರಿಯರು ಹೇಳುತ್ತಿದ್ದರು. ಒಳ್ಳೆಯ ಯೋಚನೆಯೇ. ಆದರೆ ಮೂರು ಭಾನುವಾರ ಎಂದರೆ ನಡುವೆ ಎರಡು ವಾರ. ಎರಡು ವಾರದಲ್ಲಿ ಲೋಕದಲ್ಲಿ ಏನೇನೋ ಆಗಿಹೋಗುತ್ತದೆ.

ಇದು ಅರುವತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ನಿಮ್ಮ ಅಜ್ಜ ಸವಣೂರು ಪೇಟೆಯಲ್ಲಿ ದರ್ಜಿ. ತಂಡದ ಅಂಗಿಗಳನ್ನು ಹೊಲಿದವರು ಅವರೇ, ಹರಿದ ನೆಟ್ಟಿಗೆ ತೇಪೆ ಹಾಕುತ್ತಿದ್ದವರೂ ಅವರೇ. ಆಟದಲ್ಲಿ ಅವರು ಲಿಫ್ಟರ್. ಹಾಗೆಂದರೆ ಚೆಂಡನ್ನು ನೆಟ್ಟಿನ ಹತ್ತಿರ ಬೆರಳ ತುದಿಯಿಂದ ಎತ್ತಿ ಕೊಡುವವರು. ಇನ್ನೊಬ್ಬ ಹಾರಿ ಹೊಡೆಯುತ್ತಾನೆ, ಜನ ಅವನ ಹೆಸರು ಕೂಗುತ್ತಾರೆ. ಎತ್ತಿ ಕೊಟ್ಟವನ ಹೆಸರನ್ನು ಕೂಗಿದ್ದನ್ನು ನಾನು ಕೇಳಿಲ್ಲ. ಅಂಗಿ ಚೆನ್ನಾಗಿ ಕಂಡರೆ ತೊಟ್ಟವನನ್ನು ಹೊಗಳುತ್ತಾರೆ, ದರ್ಜಿಯನ್ನು ಬೈಯುವುದು ಬಿಗಿಯಾದಾಗ ಮಾತ್ರ. ಎರಡು ಕೆಲಸದಲ್ಲಿಯೂ ಅವರು ಒಂದೇ ಜಾತಿಯ ಮನುಷ್ಯ.

ಅವರ ತಾಯಿ ತೀರಿಕೊಂಡಾಗ ಅವರಿಗೆ ಏಳು ವರ್ಷ. ದುಡ್ಡು ಕಳುಹಿಸಿ ಸಾಕಿದವರು ಸೋದರಮಾವ, ಐತಪ್ಪ ಮಾವ. ಮಾವ ಮದುವೆಯಾಗಲಿಲ್ಲ. ಬೊಂಬಾಯಿಯ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿ ಎದುರು ನಿಂತೇ ಅವರ ಆಯುಷ್ಯ ಸವೆಯಿತು. ಊರಿಗೆ ಬಂದದ್ದು ನಾಲ್ಕೈದು ಸಲ ಇರಬಹುದು. ಆದರೆ ಅಳಿಯನನ್ನು ಹೊಲಿಗೆ ಕಲಿಯಲು ಸೇರಿಸಿದ್ದು, ಮಿಷನ್ ತೆಗೆಸಿಕೊಟ್ಟದ್ದು, ನನ್ನನ್ನು ನೋಡಿ ಒಪ್ಪಿದ್ದು ಅವರೇ. ಅಲ್ಲಿಂದ ಊರಿಗೆ ಬರುವವರೊಬ್ಬರ ಕೈಯಲ್ಲಿ ಒಂದು ವರ್ಷ ಚರ್ಮದ ವಾಲಿಬಾಲ್ ಕಳುಹಿಸಿದ್ದರು. ಅಲ್ಲಿಯವರೆಗೆ ನಮ್ಮವರು ಆಡುತ್ತಿದ್ದ ಚೆಂಡು ಎಷ್ಟು ಸಲ ಹೊಲಿಸಿಕೊಂಡಿತ್ತೆಂದರೆ ಅದು ಉರುಟಾಗಿರಲಿಲ್ಲ, ಎಲ್ಲಿ ಹೊಡೆದರೆ ಎಲ್ಲಿಗೆ ಹೋಗುತ್ತದೆಂದು ಅದಕ್ಕೇ ಗೊತ್ತಿರಲಿಲ್ಲ. ಮಾವನ ಚೆಂಡು ಬಂದ ವರ್ಷವೇ ನಮ್ಮ ತಂಡ ಮೊದಲ ಬಾರಿ ಕೊನೆಯ ಮೂರು ಭಾನುವಾರಕ್ಕೆ ತಲುಪಿತು. ಎದುರಿಗೆ ಹೊಳೆಯಾಚೆಯವರು. ಅವರು ಮಂಗಳೂರಿನಿಂದ ಸಂಬಳಕ್ಕೆ ಒಬ್ಬ ಆಟಗಾರನನ್ನು ತರಿಸಿದ್ದರು. ಅವನಿಗೆ ದಿನಾ ಕೋಳಿಸಾರು ಎಂಬ ಸುದ್ದಿ ಹೊಳೆ ದಾಟಿ ಬಂದಿತ್ತು. ಮೊದಲ ಭಾನುವಾರ ನಾವು ಸೋತೆವು, ಎರಡನೆಯದು ಗೆದ್ದೆವು.

ಈಗ ನನ್ನ ವಿಷಯ. ನಾನು ಐದನೇ ಕ್ಲಾಸು ಓದಿದವಳು. ನಗಬೇಡಿ, ಆಗ ಅದು ಸಣ್ಣದಲ್ಲ. ನಿಮ್ಮ ಅಜ್ಜ ಎರಡನೆಯದರಲ್ಲಿ ಬಿಟ್ಟವರು. ಅಚ್ಚಿನ ಅಕ್ಷರ ಕೂಡಿಸಿ ಓದುತ್ತಿದ್ದರು, ಕೈಬರಹ ಅವರಿಗೆ ಸಿಕ್ಕಾದ ನೂಲಿನ ಹಾಗೆ. ಮನೆಗೆ ಬಂದ ಕಾಗದ ಓದುವವಳು ನಾನು, ಉತ್ತರ ಬರೆಯುವವಳೂ ನಾನು. ನಮ್ಮ ಮನೆಯದು ಮಾತ್ರವಲ್ಲ, ಸುತ್ತಲಿನ ಏಳೆಂಟು ಮನೆಯ ಹೆಂಗಸರೂ ಕಾಗದ ಹಿಡಿದು ನನ್ನ ಜಗಲಿಗೆ ಬರುತ್ತಿದ್ದರು. ನಾಲ್ಕು ಜನರ ಎದುರು ಬಾಯಿ ತೆರೆಯದ ನಾನು ಕಾಗದ ಕೈಗೆ ಬಂದರೆ ಗಟ್ಟಿಯಾಗಿ ಓದುತ್ತಿದ್ದೆ, ಏಕೆಂದರೆ ಆ ಮಾತು ನನ್ನದಲ್ಲವಲ್ಲ. ಯಾರ ಗಂಡನಿಗೆ ಘಟ್ಟದ ಮೇಲೆ ಜ್ವರ, ಯಾರ ತಮ್ಮ ಹೇಳದೆ ಮದುವೆಯಾದ, ಎಲ್ಲ ನನ್ನ ಹೊಟ್ಟೆಯಲ್ಲಿ. ಹೊರಗೆ ಬಂದದ್ದಿಲ್ಲ. ಆ ಒಂದು ಹೆಸರು ನನಗಿತ್ತು.

ಸಾವಿನ ಕಾಗದ ಓದುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು, ನಿಮಗದು ಗೊತ್ತಿರಲಾರದು. ಅದನ್ನು ಮನೆಯೊಳಗೆ ತರಬಾರದು. ಅಂಗಳದಲ್ಲೇ ಓದಿ, ಅಲ್ಲೇ ಹರಿದು ಹಾಕಿ, ಸಂಬಂಧಪಟ್ಟವರು ಸ್ನಾನ ಮಾಡಿ ಒಳಗೆ ಬರಬೇಕು. ಅಲ್ಲಿಂದ ಸೂತಕ. ಸೂತಕದವರು ದೇವರ ಹತ್ತಿರ ಹೋಗುವುದಿಲ್ಲ, ಇನ್ನೊಬ್ಬರನ್ನು ಮುಟ್ಟುವುದಿಲ್ಲ. ನಮ್ಮದು ಅಳಿಯಸಂತಾನ. ಅಂದರೆ ಕುಟುಂಬ ತಾಯಿಯ ಕಡೆಯಿಂದ. ಮಾವ ಸತ್ತರೆ ಅಳಿಯನಿಗೆ ಪೂರ್ತಿ ಸೂತಕ. ಬೇರೆ ಕುಟುಂಬದಿಂದ ಬಂದ ಹೆಂಡತಿಗೆ ಅದರ ಪಾಲಿಲ್ಲ. ಇದನ್ನು ನೆನಪಿಡಿ, ನನ್ನ ಬುದ್ಧಿ ಈ ಸಂದಿಯಲ್ಲೇ ನುಸುಳಿದ್ದು.

ಮೂರನೆಯ ಭಾನುವಾರಕ್ಕೆ ಮೊದಲಿನ ಶುಕ್ರವಾರ ಮಧ್ಯಾಹ್ನ ಅಜ್ಜ ಅಂಗಡಿ ಮುಚ್ಚಿ ಅಭ್ಯಾಸಕ್ಕೆ ಹೋಗಿದ್ದರು. ಅಂಗಡಿಯಲ್ಲಿ ಕೊಡಬೇಕಾದ ಕಾಗದವನ್ನು ಪೋಸ್ಟಿನವರು ಮನೆಗೆ ತಂದರು. ಅಂಟಿಸಿದ ಇನ್‌ಲ್ಯಾಂಡ್. ಅದು ಕಾರ್ಡಾಗಿದ್ದರೆ ನನ್ನ ಕೈಗೆ ಬರುವ ಮೊದಲೇ ಇಡೀ ಪೇಟೆ ಓದಿರುತ್ತಿತ್ತು, ನಾನೂ ಬದುಕುತ್ತಿದ್ದೆ. ಅಂಗಳದಲ್ಲಿ ನಿಂತೇ ಒಡೆದೆ. ಬೊಂಬಾಯಿಯ ಹೋಟೆಲಿನ ಜೊತೆಗಾರರೊಬ್ಬರು ಬರೆದಿದ್ದರು. ಐತಪ್ಪಣ್ಣ ಕೆಲಸದಲ್ಲಿರುವಾಗಲೇ ಎದೆನೋವೆಂದು ಕುಳಿತವರು ಏಳಲಿಲ್ಲ. ಊರವರು ಸೇರಿ ಅಲ್ಲೇ ದಹನ ಮಾಡಿದ್ದೇವೆ. ಅಳಿಯನಿಗೆ ಧೈರ್ಯ ಹೇಳಿ. ಅಷ್ಟೆ. ಐದು ದಿನ ಹಿಂದಿನ ತಾರೀಕು.

ನಾನು ಹರಿಯಲಿಲ್ಲ. ಮಡಚಿ, ಒಳಗೆ ತರಬಾರದೆಂಬ ನಿಯಮವನ್ನು ಮಾತ್ರ ನಿಷ್ಠೆಯಿಂದ ಪಾಲಿಸಿ, ಹೊರಗಿನ ಕೊಟ್ಟಿಗೆಯಲ್ಲಿ ಸೌದೆಯ ಅಡಿಗೆ ತುರುಕಿದೆ.

ಯಾಕೆ ಎಂದು ಕೇಳಿದರೆ ಆಗ ನನ್ನ ಹತ್ತಿರ ಉತ್ತರಗಳ ಕಟ್ಟೇ ಇತ್ತು. ದಹನ ಮುಗಿದಿದೆ, ಮುಖ ನೋಡಲು ಇನ್ನೇನೂ ಉಳಿದಿಲ್ಲ. ದೂರದ ಸಾವಿಗೆ ಕೇಳಿದ ದಿನದಿಂದ ಸೂತಕ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೆ. ಹಾಗಾದರೆ ಅವರು ಕೇಳುವವರೆಗೆ ಅವರಿಗೆ ಸೂತಕವಿಲ್ಲ. ಕೇಳಿದವಳು ನಾನು, ನನಗಂತೂ ಮೊದಲೇ ಇಲ್ಲ. ಸಾವು ನಮ್ಮ ಮನೆಗೆ ಬಂದೂ ಯಾರಿಗೂ ತಾಗದೆ ಸೌದೆಯ ಅಡಿಯಲ್ಲಿ ಎರಡು ದಿನ ಕುಳಿತಿರಬಹುದು. ಎಂಥ ವಕೀಲಿ ನೋಡಿ, ಐದನೇ ಕ್ಲಾಸಿನದು. ಆಟ ಶುರುವಾಗುವ ಮೊದಲು ಚೆಂಡನ್ನು ಭಜನಾಮಂದಿರದ ಮೆಟ್ಟಿಲಿನಲ್ಲಿಟ್ಟು ಕಾಯಿ ಒಡೆಯುತ್ತಿದ್ದರು, ಆಡುವವರೆಲ್ಲ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಸೂತಕದವರು ಆ ಗದ್ದೆಗೇ ಇಳಿಯುವಂತಿಲ್ಲ. ಅವರ ಬದಲಿಗೆ ಎತ್ತಿ ಕೊಡಲು ಇದ್ದವನ ಚೆಂಡು ಎರಡನೆಯ ಭಾನುವಾರ ನೆರೆಗದ್ದೆಗೆ ಹೋಗಿತ್ತು. ಇವರಿಲ್ಲದೆ ಗೆಲುವಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಹೆಸರು ಕೂಗದವರಿಗೂ ಗೊತ್ತಿತ್ತು.

ಇದೆಲ್ಲ ಸುಳ್ಳಲ್ಲ. ಆದರೆ ಈಗ ಮುಪ್ಪಿನಲ್ಲಿ ಕುಳಿತು ತಿರುವಿ ನೋಡಿದರೆ ಇನ್ನೊಂದು ಕಾಣುತ್ತದೆ. ನನಗೆ ನೋಡಬೇಕಿತ್ತು. ಅದುವರೆಗೆ ನಾನು ಒಂದು ಪಂದ್ಯಕ್ಕೂ ಹೋದವಳಲ್ಲ, ನಾಚಿಕೆ. ಆ ಭಾನುವಾರ ಹೋಗುವುದೆಂದು ವಾರದಿಂದ ಮನಸ್ಸು ಮಾಡಿ ಸೀರೆ ತೆಗೆದಿಟ್ಟಿದ್ದೆ. ಅವರಿಗಾಗಿ ಮುಚ್ಚಿಟ್ಟೆ ಎಂದು ಬಹಳ ವರ್ಷ ಹೇಳಿಕೊಂಡೆ, ಪಾಲು ನನ್ನದೂ ಇತ್ತು.

ಭಾನುವಾರ ಗದ್ದೆಯ ಬದುವಿನ ಮೇಲೆ, ಬೇಲಿಯ ಮರೆಯಲ್ಲಿ ಹೆಂಗಸರ ಜೊತೆ ನಿಂತೆ. ಕಾಯಿ ಒಡೆದರು. ಚೆಂಡು ಕಳುಹಿಸಿದ ಮನೆಯವರು ಮೊದಲು ಮುಟ್ಟಬೇಕೆಂದು ಅಜ್ಜನನ್ನೇ ಮುಂದೆ ಕರೆದರು. ಅವರು ಬಾಗಿ ಎರಡು ಕೈಯಲ್ಲಿ ಚೆಂಡೆತ್ತಿ ಕಣ್ಣಿಗೊತ್ತಿಕೊಂಡರು. ಅಲ್ಲಿಯವರೆಗೆ ನನ್ನ ವಕೀಲಿ ಗೆದ್ದಿತ್ತು, ಅಲ್ಲಿಂದ ಸೋಲತೊಡಗಿತು. ಆಟದಲ್ಲಿ ಅವರ ಬೆರಳು ನೋಡಲಿಲ್ಲ ನಾನು, ಸೌದೆ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಬೀಪಾತುಮ್ಮ, ನಮ್ಮ ನೆರೆಮನೆಯಾಕೆ, ನನ್ನ ತೋಳು ಹಿಂಡಿ, “ಎಂತ ಮಾರಾಯ್ತಿ, ಗಂಡ ಆಡುವಾಗ ಹೀಗೆ ನಡುಗುದಾ? ಗೆದ್ರೆ ಎಂತ ಮಾಡ್ತಿ?” ಎಂದಳು. ಕೊನೆಯ ಆಟ ಹದಿನಾಲ್ಕು ಹದಿಮೂರಕ್ಕೆ ಬಂತು. ಒಂದು ಪಾಯಿಂಟ್ ಸಿಕ್ಕಿದರೆ ನಮ್ಮದು. ನನ್ನಿಂದ ಆಗಲಿಲ್ಲ. ಬೆನ್ನು ತಿರುಗಿಸಿ ಹೊಳೆಯ ಕಡೆ ಮುಖ ಮಾಡಿ ನಿಂತೆ. ಹಿಂದಿನಿಂದ ಬೊಬ್ಬೆ ಕೇಳಿತು, ಅದು ನಮ್ಮವರ ಬೊಬ್ಬೆ. ಆ ದಿನ ಮೊದಲ ಬಾರಿ ಅಜ್ಜನ ಹೆಸರು ಕೂಗಿದರು. ಅದೂ ನನ್ನ ಬೆನ್ನಿಗೇ ಬಂದು ಬಿತ್ತು.

ಮನೆಗೆ ಬಂದ ಕೂಡಲೇ ಹೇಳುವುದೆಂದು ಲೆಕ್ಕ ಹಾಕಿದ್ದೆ. ಅವರು ಬಂದದ್ದು ಒಬ್ಬರೇ ಅಲ್ಲ, ತಂಡದ ಜೊತೆ, ಕಪ್ಪಿನ ಜೊತೆ. ಮೊದಲ ವಾರ ಕಪ್ಪು ನಮ್ಮ ಮನೆಯಲ್ಲಿ ಎಂದು ಕ್ಯಾಪ್ಟನ್ ಪೊಡಿಯಬ್ಬ ಬ್ಯಾರಿಗಳು ತೀರ್ಮಾನ ಮಾಡಿಯಾಗಿತ್ತು. ಮುಸಲ್ಮಾನರು, ಪೇಟೆಯಲ್ಲಿ ಒಣಮೀನಿನ ಅಂಗಡಿಯವರು, ದೊಡ್ಡ ಮೈಯವರು. ಜಗಲಿಯಲ್ಲಿ ಕಪ್ಪು ಇಟ್ಟು ಅದರ ಕಿವಿ ತಿರುವಿ ನಕ್ಕರು. ಅಷ್ಟು ಜನರ ನಡುವೆ ಬಾಯಿ ತೆರೆಯುವ ಶಕ್ತಿ ನನಗೆ ಎಂದೂ ಇರಲಿಲ್ಲ. ಬೆಲ್ಲದ ನೀರು ಕೊಟ್ಟೆ, ಲೋಟ ತೊಳೆದೆ. ಅವರು ಹೋದ ಮೇಲೆ ಅಜ್ಜ ಕುಳಿತಲ್ಲೇ ನಿದ್ರೆ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಅವರು ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು ನನ್ನ ಮುಂದಿಟ್ಟರು.

“ಮಾವನಿಗೆ ಬರಿ. ಅವರ ಚೆಂಡು ಗೆದ್ದಿತು ಅಂತ ಹೇಳ್ಬೇಕು.”

ನನಗೆ ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ನಾನು ಮಸಿಕುಪ್ಪಿಯ ಮುಚ್ಚಳ ತೆಗೆದೆ.

ಅವರು ಹೇಳಿದರು, ನಾನು ಬರೆದೆ. ಮನೆಮಾತು ತುಳು, ಕಾಗದ ಕನ್ನಡ. ಅವರು ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡುವುದು ನಮ್ಮ ರೂಢಿ. ಮೂರು ಮಾತಿಗಿಂತ ಹೆಚ್ಚು ಆಡದ ಮನುಷ್ಯ ಆ ದಿನ ನಿಲ್ಲಿಸಲೇ ಇಲ್ಲ. ಸಂಬಳದವನು ಎಷ್ಟು ಎತ್ತರ ಹಾರುತ್ತಿದ್ದ, ಅವನ ಮಂಡಿ ಹೇಗೆ ಉಳುಕಿತು, ಪೊಡಿಯಬ್ಬ ಬ್ಯಾರಿಗಳು ಬಿದ್ದಾಗ ಭೂಮಿ ಹೇಗೆ ನಡುಗಿತು. ಕಾರ್ಡಿನಲ್ಲಿ ಜಾಗ ಸಾಲದೆ ಅಕ್ಷರ ಸಣ್ಣ ಮಾಡಿದೆ. ಕೊನೆಯ ಪಾಯಿಂಟ್ ಹೇಗಾಯಿತೆಂದು ನಾನು ತಿಳಿದದ್ದು ಅಲ್ಲಿಯೇ, ನನ್ನ ಕೈಯಿಂದಲೇ. ಚೆಂಡು ಅವರ ತಲೆಯ ಮೇಲೆ ಬಂತು. ಹೊಡೆಯುವವರು ಇಬ್ಬರೂ ಹಾರಲು ಓಡಿ ಬಂದರು, ಎದುರಿನವರೆಲ್ಲ ಅವರನ್ನು ತಡೆಯಲು ಹಾರಿದರು. ಅಜ್ಜ ಯಾರಿಗೂ ಎತ್ತಿ ಕೊಡಲಿಲ್ಲ. ಎರಡು ಬೆರಳಿನಿಂದ ಮೆಲ್ಲಗೆ ನೆಟ್ಟಿನ ಆಚೆಗೆ ದೂಡಿದರು. ಖಾಲಿ ಜಾಗದಲ್ಲಿ ಚೆಂಡು ಟಪ್ಪೆಂದು ಕುಳಿತಿತು. ಇಷ್ಟು ವರ್ಷದಲ್ಲಿ ಅವರಾಗಿ ಮಾಡಿದ ಮೊದಲ ಪಾಯಿಂಟ್. ‘ನೀವು ಇದ್ದಿದ್ದರೆ ನಗುತ್ತಿದ್ದಿರಿ’ ಎಂದು ಬರೆಯಲು ಹೇಳಿದರು. ಬರೆದೆ. ‘ಬರುವ ವರ್ಷ ರಜೆ ಹಾಕಿ ಬನ್ನಿ, ತೋರಿಸುತ್ತೇನೆ’ ಎಂದರು. ಅದನ್ನೂ ಬರೆದೆ. ಅಡಿಯಲ್ಲಿ ಅವರು ವಕ್ರವಾಗಿ ಸಹಿ ಹಾಕಿ, ಆರಲೆಂದು ಊದಿ, ಕಾರ್ಡು ತಿರುಗಿಸಿ ನನ್ನ ಕೈಗೆ ಕೊಟ್ಟರು.

“ವಿಳಾಸ ಬರಿ.”

ಅಷ್ಟನ್ನೆಲ್ಲ ಬರೆದ ಕೈ ಅಲ್ಲಿ ನಿಂತಿತು. ಬೊಂಬಾಯಿಯ ಆ ಬೀದಿ, ಆ ಹೋಟೆಲು ನನಗೆ ಬಾಯಿಪಾಠ. ಹೆಸರಿನ ಮೊದಲ ಅಕ್ಷರ ಮೂಡಲಿಲ್ಲ. ಸತ್ತವರಿಗೆ ಮಾತು ಬರೆಯಬಹುದು ಮಕ್ಕಳೇ, ಅವರು ಇಂಥಲ್ಲಿ ಇದ್ದಾರೆ ಎಂದು ಬರೆಯಲಾಗುವುದಿಲ್ಲ.

ಅವರು ಕಾರ್ಡು ನೋಡಿದರು, ನನ್ನನ್ನು ನೋಡಿದರು. ನಾನು ಎದ್ದು ಕೊಟ್ಟಿಗೆಗೆ ಹೋಗಿ ಸೌದೆ ಸರಿಸಿ ಆ ಕಾಗದ ತಂದು ಅಂಗಳದಲ್ಲಿ ನಿಂತೆ. ಒಳಗೆ ಬರದೆ ಅಂಗಳದಲ್ಲೇ ನಿಂತದ್ದು ನೋಡಿ ಅವರಿಗೆ ತಿಳಿಯಿತು. ಇಳಿದು ಬಂದರು.

“ಓದು.”

ಓದಿದೆ. ನನ್ನ ಗಟ್ಟಿ ಸ್ವರ ಎಲ್ಲಿ ಹೋಯಿತೋ, ಎರಡು ಸಲ ಓದಬೇಕಾಯಿತು.

“ಯಾವಾಗ ಬಂದದ್ದು?”

“ಶುಕ್ರವಾರ.”

ಅವರು ಬೈಯಲಿಲ್ಲ. ಬೈದಿದ್ದರೆ ಅದು ಆ ದಿನಕ್ಕೇ ಮುಗಿಯುತ್ತಿತ್ತು. “ಮಾವನಿಗೆ ಅಳುದು ಬಿಟ್ಟು ನಾನು ಕುಣಿದೆ. ನೀನು ನೋಡ್ತಾ ಇದ್ದೆ,” ಎಂದರು. ಕಾಗದ ತೆಗೆದುಕೊಂಡು ಸಣ್ಣ ಸಣ್ಣದಾಗಿ ಹರಿದರು. ದರ್ಜಿಯ ಕೈ, ಹರಿದದ್ದೂ ನೇರಕ್ಕಿತ್ತು. ತೋಡಿಗೆ ಹೋಗಿ ಮುಳುಗಿ ಬಂದು, ಒದ್ದೆ ಮೈಯಲ್ಲೇ ಬೇಲಿಯ ದಣಪೆ ದಾಟಿ ಹೊರಗೆ ನಿಂತು, ಪೊಡಿಯಬ್ಬ ಬ್ಯಾರಿಗಳನ್ನು ಕರೆದುಕೊಂಡು ಬರಲು ನನ್ನನ್ನೇ ಪೇಟೆಗೆ ಕಳುಹಿಸಿದರು. ನಾಚಿಕೆಯವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಯಾರೂ ಯೋಚಿಸಲಾರರು. ಅವರು ಶಿಕ್ಷೆಯೆಂದು ಮಾಡಲಿಲ್ಲ, ತಾನು ಯಾರನ್ನೂ ಮುಟ್ಟುವಂತಿಲ್ಲವಲ್ಲ ಎಂದಷ್ಟೆ.

ಬ್ಯಾರಿಗಳು ಬಂದರು. ಅಜ್ಜ ದೂರ ನಿಂತು ಎಲ್ಲ ಹೇಳಿ, “ಕಪ್ಪು ಕೊಂಡುಹೋಗಿ. ನಾನು ಮಂದಿರದ ಮೆಟ್ಟಿಲು ಕೆಡಿಸಿದೆ, ಆಟವನ್ನೂ ಕೆಡಿಸಿದೆ” ಎಂದರು. ಬ್ಯಾರಿಗಳು ತಲೆಯ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. ಯೋಚನೆ ಮಾಡುವಾಗ ಹಾಗೆ ಮಾಡುತ್ತಿದ್ದರು.

“ನಿಮ್ಮ ಕ್ರಮ ನನಗೆ ಗೊತ್ತಿಲ್ಲ ಮಾರಾಯ. ಒಂದು ಕೇಳ್ತೇನೆ. ಚೆಂಡು ಕೊಟ್ಟದ್ದೇ ಅವರು. ಅವರ ಚೆಂಡಿಗೆ ಅವರ ಸೂತಕ ತಾಗುದುಂಟಾ?”

ಅಜ್ಜ ಆಗ ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ, ಅದೂ ಇನ್ನೊಬ್ಬರ ಮಾತಿಗೆ.

ಮಂದಿರದವರು ಶುದ್ಧ ಮಾಡಿಸಿದರು. ಹೊಳೆಯಾಚೆಯವರಲ್ಲಿ ಕೆಲವರು ಮತ್ತೆ ಆಡಬೇಕೆಂದರಂತೆ. ಆದರೆ ಸಂಬಳದವನು ಆಗಲೇ ಮಂಗಳೂರಿಗೆ ಹೋಗಿದ್ದ, ಅವನಿಲ್ಲದೆ ಅವರಿಗೂ ಉತ್ಸಾಹವಿರಲಿಲ್ಲ. ಕಪ್ಪು ಒಣಮೀನಿನ ಅಂಗಡಿಯ ಅಟ್ಟಕ್ಕೆ ಹೋಯಿತು. ಆಟದ ಕತೆ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ. ಕಾಗದ ಹಿಡಿದು ಜಗಲಿಗೆ ಬರುತ್ತಿದ್ದ ಹೆಂಗಸರು ಬರುವುದನ್ನು ನಿಲ್ಲಿಸಿದರು. ಜಗಳವಿಲ್ಲ, ಕಂಡರೆ ಮಾತು, ಕೊಟ್ಟು ತೆಗೆದುಕೊಳ್ಳುವುದು ಎಲ್ಲ ಇತ್ತು. ಬೀಪಾತುಮ್ಮ ಒಮ್ಮೆ ಬಾಯಿಬಿಟ್ಟೇ ಹೇಳಿದಳು, “ನೀನು ಓದಿದ್ರೆ ಪೂರ್ತಿ ಓದಿದ್ದು ಅಂತ ಹೇಗೆ ಗೊತ್ತಾಗುದು?” ಅವಳ ಕಾಗದ ಶಾಲೆಯ ಮಾಸ್ಟ್ರ ಹತ್ತಿರ ಹೋಗತೊಡಗಿತು. ನಿಮ್ಮ ಅಜ್ಜನದೂ ಅಲ್ಲಿಗೇ. ಅಂಗಡಿಗೆ ಬಂದ ಕಾಗದ ಮಾಸ್ಟ್ರಲ್ಲೇ ಓದಿಸಿಕೊಂಡು, ಉತ್ತರವನ್ನೂ ಅಲ್ಲೇ ಬರೆಸಿ ಬರುತ್ತಿದ್ದರು. ಮನೆಯಲ್ಲಿ ಮಸಿಕುಪ್ಪಿ ಒಣಗಿತು. ಒಬ್ಬಳೇ ಇರುವಾಗ ಸಾಮಾನು ಕಟ್ಟಿ ತಂದ ಕಾಗದದ ಚೂರು ಓದುತ್ತಿದ್ದೆ, ಅರ್ಧಕ್ಕೆ ನಿಂತ ವಾಕ್ಯಗಳು. ಹೀಗೆ ಎರಡು ಮಳೆಗಾಲ ಕಳೆಯಿತು.

ಮೂರನೆಯ ವರ್ಷ ಕೊಯ್ಲು ಮುಗಿದ ಹೊತ್ತಿಗೆ ಒಂದು ಸಂಜೆ ಅವರು ಅಂಗಡಿಯಿಂದ ಬಂದು ಅಂಗಳದಲ್ಲೇ ನಿಂತರು. ಕೈಯಲ್ಲಿ ಅಂಟು ಬಿಡಿಸದ ಇನ್‌ಲ್ಯಾಂಡ್. ಎಲ್ಲಿಂದ, ಯಾರದು, ಒಳ್ಳೆಯದೋ ಕೆಟ್ಟದ್ದೋ ಅವರಿಗೆ ಗೊತ್ತಿರಲಿಲ್ಲ. ಮಾಸ್ಟ್ರು ಅಂದು ಊರಲ್ಲೇ ಇದ್ದರು, ನಾನೇ ಬೆಳಿಗ್ಗೆ ನೋಡಿದ್ದೆ. ಕಾಗದ ನನ್ನ ಕಡೆ ನೀಡಿದರು. “ಓದು” ಎಂದರು. ನಾನು ಅಂಗಳಕ್ಕೆ ಇಳಿದು ಓದಿದೆ. ಕೊಳ್ಳೆಗಾಲದ ನೂಲಿನ ವ್ಯಾಪಾರಿಯದು, ಹೊಸ ಬಣ್ಣ ಬಂದಿದೆ ಎಂಬ ವಿಷಯ. ಇಷ್ಟು ನೀರಸವಾದ ಕಾಗದವನ್ನು ಅಷ್ಟು ಜೋಪಾನವಾಗಿ, ಒಂದಕ್ಷರ ಬಿಡದೆ, ಮೇಲಿನ ತಾರೀಕಿನಿಂದ ಕೆಳಗಿನ ಸಹಿಯವರೆಗೆ ಯಾರೂ ಓದಿರಲಾರರು. ಅವರು ಪೂರ್ತಿ ಕೇಳಿ, ಕಾಲು ತೊಳೆದು ಒಳಗೆ ಬಂದರು. ಮರುದಿನ ಮಸಿ ತಂದರು. ಬೀಪಾತುಮ್ಮ ಬರಲು ಇನ್ನೂ ಒಂದು ವರ್ಷ ಹಿಡಿಯಿತು, ಕೆಲವರು ಬರಲೇ ಇಲ್ಲ. ಅದು ಸರಿಯೇ.

ಅಜ್ಜ ಮತ್ತೆಯೂ ಆಡಿದರು, ಎತ್ತಿ ಕೊಟ್ಟರು. ತಾವಾಗಿ ಚೆಂಡು ಆಚೆಗೆ ದೂಡಿದ್ದನ್ನು ಆಮೇಲೆ ಯಾರೂ ನೋಡಲಿಲ್ಲ. ಆ ಕಾರ್ಡು ಹರಿಯಲಿಲ್ಲ ಅವರು. ಹರಿಯಬೇಕಾದದ್ದು ಸಾವಿನ ಕಾಗದ, ಇದು ಗೆಲುವಿನದಲ್ಲವೇ. ಮಿಷನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಅಡಿಯಲ್ಲಿತ್ತು. ಅವರಿಗೆ ನನ್ನ ಕೈಬರಹ ಓದಲು ಬರುತ್ತಿರಲಿಲ್ಲ, ಆದರೂ ತೆಗೆದು ನೋಡುತ್ತಿದ್ದರು. ಅವರು ಹೋದ ಮೇಲೆ ಅದು ನನ್ನ ಪೆಟ್ಟಿಗೆಗೆ ಬಂದಿದೆ. ಒಂದು ಬದಿ ಇರುವೆಯ ಸಾಲಿನಷ್ಟು ಅಕ್ಷರ, ಇನ್ನೊಂದು ಬದಿ ಖಾಲಿ. ಬೇಕಾದರೆ ತೋರಿಸುತ್ತೇನೆ, ಕೇಳಿ.

ಆದ್ದರಿಂದ ಮಕ್ಕಳೇ, ಆ ಬೇಸ್‌ಬಾಲಿನವರದು ಏಳನೆಯ ಪಂದ್ಯಕ್ಕೆ ಬಂದರೆ ನಾನು ಎದ್ದು ಬಾವಿಕಟ್ಟೆಗೆ ಹೋಗುತ್ತೇನೆ, ತಡೆಯಬೇಡಿ. ನಿಮ್ಮ ಬೊಬ್ಬೆ ಮುಗಿದ ಮೇಲೆ ಒಳಗೆ ಬರುತ್ತೇನೆ. ಆಗ ಕೊನೆಯ ಪಾಯಿಂಟ್ ಹೇಗಾಯಿತೆಂದು ಯಾರಾದರೂ ಹತ್ತಿರ ಕುಳಿತು ಹೇಳಿ. ಗೆದ್ದದ್ದಾಗಲಿ ಸೋತದ್ದಾಗಲಿ, ಏನನ್ನೂ ಬಿಡಬೇಡಿ. ಸ್ವಲ್ಪ ನಿಧಾನವಾಗಿ ಹೇಳಿ, ಬರೆದುಕೊಳ್ಳುವವರಿಗೆ ಹೇಳುವ ಹಾಗೆ.